ತಲೆ ಕೊಯ್ದ ಪ್ರಶ್ನೆಪತ್ರಿಕೆ

ನಿಯೆನ್ ಶೂಝೆನ್ ಡಿಸೆಂಬರ್ ಇಪ್ಪತ್ತಮೂರರ ಮಂಗಳವಾರ ಬೆಳಿಗ್ಗೆ ಹನ್ನೊಂದೂ ಕಾಲಿಗೆ ಜಾಂಗ್‌ಹುವಾದ ಆಸ್ಪತ್ರೆಯೊಂದರಲ್ಲಿ ತೀರಿಕೊಂಡಳು. ವಯಸ್ಸು ಐವತ್ತಮೂರು. ಮೇದೋಜೀರಕದ ಕ್ಯಾನ್ಸರ್.

ಮಧ್ಯಾಹ್ನದೊಳಗೆ ಶಾಲೆಯ ಫಲಕದಲ್ಲಿ ಸೂಚನೆ ಬಂತು: 'ಎಲ್ಲರ ಪ್ರೀತಿಗೆ ಪಾತ್ರರಾಗಿದ್ದ ಇಂಗ್ಲಿಷ್ ಶಿಕ್ಷಕಿ.' ಹದಿನೆಂಟು ವರ್ಷ ಅವಳ ಪಕ್ಕದ ಮೇಜಿನಲ್ಲಿ ಕೂತಿದ್ದ ಕೋ ಲೀಮಿನ್ ಅದನ್ನು ಎರಡು ಸಲ ಓದಿದಳು. ಆ ಸಾಲಿನಲ್ಲಿ ನಿಜವಾಗಿದ್ದದ್ದು ಕೊನೆಯ ಎರಡು ಪದಗಳು ಮಾತ್ರ. ಆ ಶಾಲೆಯಲ್ಲಿ ಶೂಝೆನ್‌ಳನ್ನು ಯಾರೂ ಪ್ರೀತಿಸುತ್ತಿರಲಿಲ್ಲ. ಕೊನೆಯ ಮೂರು ವಾರವಂತೂ ದ್ವೇಷವನ್ನು ಮುಚ್ಚಿಡುವ ಶ್ರಮವನ್ನೂ ಯಾರೂ ತೆಗೆದುಕೊಂಡಿರಲಿಲ್ಲ. ಅವಳ ವಿರುದ್ಧ ಹೊರಟ ಕಾಗದಕ್ಕೆ ಲೀಮಿನ್ ಕೂಡ ಸಹಿ ಹಾಕಿದ್ದಳು. ಈಗ ಅದೇ ಜನ ಬಿಳಿ ಹೂವಿನ ಹಾರಕ್ಕೆ ದುಡ್ಡು ಕೂಡಿಸುತ್ತಿದ್ದರು.

ಶೂಝೆನ್ ಲುಗಾಂಗ್ ಊರಿನವಳು. ಅಪ್ಪ ಅಮ್ಮ ದೇವಸ್ಥಾನಗಳಿಗೆ ಊದುಬತ್ತಿ ಮಾಡುತ್ತಿದ್ದರು. ಕಡ್ಡಿಯ ತುದಿಗೆ ಬಳಿಯುವ ಕೆಂಪು ಬಣ್ಣ ಅವಳ ಬೆರಳಿನಿಂದ ಹೋಗಿ, ಉತ್ತರಪತ್ರಿಕೆ ತಿದ್ದುವ ಕೆಂಪು ಶಾಯಿ ಅದೇ ಬೆರಳಿಗೆ ಅಂಟಿತು. ಮದುವೆಯಾಗಲಿಲ್ಲ. ದಿನಾ ಸಮುದ್ರದ ರಸ್ತೆಯಲ್ಲಿ ನಲವತ್ತು ನಿಮಿಷ ಸ್ಕೂಟರ್ ಓಡಿಸಿಕೊಂಡು ಶಾಲೆಗೆ ಬರುತ್ತಿದ್ದಳು. ನಮಸ್ಕಾರ ಎಂದವರಿಗೆ ತಲೆಯಾಡಿಸುತ್ತಿದ್ದಳು, ಅಷ್ಟೇ. ಲೀಮಿನ್‌ಳ ಗಂಡ ಮನೆ ಬಿಟ್ಟುಹೋದ ತಿಂಗಳು, ಪ್ರತಿ ಬೆಳಿಗ್ಗೆ ಅವಳ ಮೇಜಿನ ಮೇಲೆ ಬಿಸಿ ಮೊಟ್ಟೆರೊಟ್ಟಿಯ ಪೊಟ್ಟಣವೊಂದು ಕೂತಿರುತ್ತಿತ್ತು. ಇಟ್ಟವಳು ಶೂಝೆನ್. ಲೀಮಿನ್ ಥ್ಯಾಂಕ್ಸ್ ಹೇಳಿದ್ದಕ್ಕೆ, "ತಣ್ಣಗಾಗತ್ತೆ, ತಿನ್ನು" ಎಂದು ಗದರಿಸಿದ್ದಳು.

ಜಿಲ್ಲೆಯ ಒಂಬತ್ತು ಪ್ರೌಢಶಾಲೆಗಳು ಸೇರಿ ಕೊನೆಯ ವರ್ಷದ ಮಕ್ಕಳಿಗೆ ನಡೆಸುವ ಅಣಕು ಪರೀಕ್ಷೆಗೆ ಇಂಗ್ಲಿಷ್ ಓದಿನ ಭಾಗ ಬರೆಯುವುದು ಹತ್ತೊಂಬತ್ತು ವರ್ಷ ಅವಳ ಕೆಲಸವಾಗಿತ್ತು. ಒಂದು ಪುಟದ ಪಾಠ, ಅದರ ಕೆಳಗೆ ನಾಲ್ಕು ಪ್ರಶ್ನೆ, ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರ. ಬೇರೆಯವರೂ ಬರೆಯುತ್ತಿದ್ದರು. ಆದರೆ ಎಲ್ಲರ ಪೇಪರೂ ಮೊದಲು ಅವಳ ಕತ್ತರಿಯ ಕೆಳಗೆ ಬರಬೇಕಿತ್ತು. ಅವಳು ಪಾಠವನ್ನು ಕತ್ತರಿಸಿ ತೆಗೆದು, ಬರೀ ಪ್ರಶ್ನೆಗಳನ್ನು ಜೆರಾಕ್ಸ್ ಮಾಡಿಸಿ, ಎರಡನೆಯ ವರ್ಷದ ಮಕ್ಕಳಿಗೆ ಕೊಡುತ್ತಿದ್ದಳು. ಅದೂ ಮಧ್ಯಾಹ್ನ ತರಗತಿಯಲ್ಲೇ ಮೇಜಿಗೆ ತಲೆಯಿಟ್ಟು ಮಾಡುವ ನಿದ್ದೆ ಮುಗಿದ ಕೂಡಲೇ, ಅವರ ಕೆನ್ನೆಯ ಮೇಲೆ ಮೇಜಿನ ಗೆರೆ ಇನ್ನೂ ಮಾಸದಿರುವಾಗ. ತಲೆ ಕೊಯ್ದ ಪೇಪರ್ ಎಂದು ಮಕ್ಕಳು ಅದಕ್ಕೆ ಹೆಸರಿಟ್ಟಿದ್ದರು.

"ಪಾಠ ಎಲ್ಲಿ ಟೀಚರ್?"

"ಇಲ್ಲ. ಉತ್ತರ ಹಾಕು."

ಹಾಕುತ್ತಿದ್ದರು. ಟ್ಯೂಷನ್‌ನಲ್ಲಿ ಅದನ್ನೇ ಕಲಿಸಿರುತ್ತಾರಲ್ಲ: ಎಲ್ಲಕ್ಕಿಂತ ಉದ್ದನೆಯ ಉತ್ತರ ಆರಿಸು, 'ಯಾವಾಗಲೂ', 'ಎಂದಿಗೂ' ಎಂಬ ಪದವಿದ್ದರೆ ಬಿಡು, ಪರಿಸರದ ಮಾತು ಬಂದರೆ ಮನುಷ್ಯನ ತಪ್ಪು ಅನ್ನು. ಪಾಠ ನೋಡದೆಯೇ ಹೆಚ್ಚು ಜನ ಸರಿ ಮಾಡಿದ ಪ್ರಶ್ನೆಗೆ ಶೂಝೆನ್ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಎರಡೇ ಪದ ಬರೆಯುತ್ತಿದ್ದಳು: 'ಓದದೆ ಉತ್ತರಿಸಬಹುದು.' ಪ್ರಶ್ನೆ ಬರೆದವರ ಮುಖ ನೋಡುತ್ತಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಫಾಂಗ್ ಜಿನ್‌ಶೆಂಗ್ ಎಂಬ ಮೇಷ್ಟ್ರು ಕುರುಡ ಪಿಟೀಲುವಾದಕನೊಬ್ಬನ ಬಗ್ಗೆ ಪಾಠ ಬರೆದಿದ್ದರು. ಅದರ ನಾಲ್ಕೂ ಪ್ರಶ್ನೆಗಳನ್ನು ಮೂವತ್ತಮೂರರಲ್ಲಿ ಇಪ್ಪತ್ತೊಂಬತ್ತು ಮಕ್ಕಳು ಪಾಠವಿಲ್ಲದೇ ಸರಿ ಮಾಡಿದರು. ಶೂಝೆನ್ ಆ ಹಾಳೆಯನ್ನು ಸಭೆಯಲ್ಲಿ ಎಲ್ಲರೆದುರು ಮೇಜಿನ ಮೇಲೆ ತಳ್ಳಿದಳು. "ಕುರುಡ್ರು ಕಷ್ಟಪಟ್ರೆ ಗೆಲ್ತಾರೆ ಅಂತ ಹೇಳೋಕೆ ಒಂದು ಪುಟ ಇಂಗ್ಲಿಷ್ ಯಾಕ್ರೀ ಬೇಕು?" ಫಾಂಗ್ ಅದನ್ನು ಮರೆಯಲಿಲ್ಲ. ಮುಂದೆ ಅವರೇ ಶಾಲೆಯ ಶೈಕ್ಷಣಿಕ ಮುಖ್ಯಸ್ಥರಾದರು. ಕಾದು ಕೂತರು.

ಈ ಬೇಸಿಗೆಯಲ್ಲಿ ಶೂಝೆನ್‌ಗೆ ಕಾಯಿಲೆ ಗೊತ್ತಾಯಿತು. ರಜೆ ಹಾಕಲಿಲ್ಲ. ಡಿಸೆಂಬರ್ ಪರೀಕ್ಷೆಗೆ ಕೊನೆಯ ಪಾಠವೊಂದನ್ನು ಬರೆದಳು. ಚಳಿದೇಶದ ಒಂದು ಊರು. ಅಲ್ಲಿನ ಜನ ನೂರು ವರ್ಷ ಸಿಂಪಿ ಹಿಡಿದು ಬದುಕಿದವರು. ಒಂದು ದಿನ ಖಾಲಿ ಚಿಪ್ಪುಗಳನ್ನು ರಸ್ತೆಗೆ ಹಾಸಲು ಮಾರತೊಡಗಿದರು. ಹತ್ತು ವರ್ಷದಲ್ಲಿ ಆ ಕೊಲ್ಲಿಯಲ್ಲಿ ಒಂದು ಸಿಂಪಿಯೂ ಉಳಿಯಲಿಲ್ಲ. ನಲವತ್ತೊಂದನೆಯ ಪ್ರಶ್ನೆ: ಸಿಂಪಿಗಳು ಯಾಕೆ ಇಲ್ಲವಾದವು? ಕಾರ್ಖಾನೆಯ ಕೊಳೆನೀರು, ಅತಿಯಾಗಿ ಹಿಡಿದದ್ದು, ಸಮುದ್ರ ಬಿಸಿಯಾದದ್ದು, ಇವು ಮೂರು ಉತ್ತರ. ನಾಲ್ಕನೆಯದು, ಚಿಪ್ಪನ್ನು ಸಮುದ್ರಕ್ಕೆ ಮರಳಿಸದೇ ಇದ್ದದ್ದು. ತಲೆ ಕೊಯ್ದು ಕೊಟ್ಟಾಗ ಎರಡನೆಯ ವರ್ಷದ, ಪಟ್ಟಣದ ಮಕ್ಕಳೇ ಇದ್ದ ಮೊದಲ ಸೆಕ್ಷನ್ನಿನ ಮೂವತ್ತೊಂದು ಜನರಲ್ಲಿ ಒಬ್ಬರಿಗೂ ಸರಿ ಬರಲಿಲ್ಲ.

"ನೋಡು ಲೀಮಿನ್," ಎಂದು ಅವತ್ತು ಶೂಝೆನ್ ಹಾಳೆ ಎತ್ತಿ ತೋರಿಸಿದ್ದಳು. ಹಳದಿಗಟ್ಟಿದ ಮುಖದಲ್ಲಿ ಹಲ್ಲು ಕಾಣುವಂತೆ ನಗು. "ಹತ್ತೊಂಬತ್ತು ವರ್ಷಕ್ಕೆ ಒಂದು ಸಿಕ್ತು. ಇದನ್ನ ಓದ್ದೆ ಯಾವನೂ ಮಾಡಕ್ಕಾಗಲ್ಲ."

ಪರೀಕ್ಷೆ ನಡೆಯಿತು. ಅವರ ಶಾಲೆಯ ಇನ್ನೂರ ಹನ್ನೆರಡು ಮಕ್ಕಳಲ್ಲಿ ನಲವತ್ತೊಂದನ್ನು ಸರಿ ಮಾಡಿದವರು ಇಪ್ಪತ್ತಾರು ಜನ. ಮೊದಲ ರ‍್ಯಾಂಕಿನ ಹುಡುಗಿಯೂ ಕೊಳೆನೀರಿನಲ್ಲೇ ಬಿದ್ದಿದ್ದಳು. ಪೋಷಕರ ಗುಂಪಿನಲ್ಲಿ ಸಂದೇಶಗಳು ಸುರಿದವು. ಆ ಹುಡುಗಿಯ ತಾಯಿ, ಔಷಧಿ ಅಂಗಡಿಯ ಶ್ರೀಮತಿ ಚ್ಯೂ, ಶಿಕ್ಷಕರ ಸಭೆಗೇ ಬಂದು ಕೂತರು.

"ಮೇಡಂ, ಕಣ್ಣು ಮುಚ್ಕೊಂಡು ಬೆರಳಿಟ್ಟಿದ್ರೂ ಐವತ್ತಮೂರು ಜನಕ್ಕೆ ಸರಿ ಬರ್ಬೇಕಿತ್ತು!" ಎಂದರು ಶ್ರೀಮತಿ ಚ್ಯೂ.

"ಮುಚ್ಕೊಂಡೇ ಇಟ್ಟಿದ್ರೆ ಚೆನ್ನಾಗಿತ್ತು," ಎಂದಳು ಶೂಝೆನ್. "ಕಣ್ಣು ಬಿಟ್ಕೊಂಡು, ಓದ್ದೆ ಇಟ್ಟಿದಾರೆ. ಅದಕ್ಕೇ ಇಪ್ಪತ್ತಾರು."

ಫಾಂಗ್ ತಮ್ಮ ಟೀ ಲೋಟದ ಮುಚ್ಚಳ ತೆರೆದು ಮುಚ್ಚಿದರು. "ಇಪ್ಪತ್ನಾಲ್ಕನೇ ತಾರೀಕು ಒಂಬತ್ತೂ ಶಾಲೆಯವ್ರು ಸೇರ್ತಾರೆ. ಆ ಪ್ರಶ್ನೆ ರದ್ದು ಮಾಡಿ, ಎಲ್ರಿಗೂ ಮಾರ್ಕ್ಸ್ ಕೊಟ್ಬಿಡೋಣ. ನಿಯಮ ನಿಮ್ದೇ ಅಲ್ವಾ? ಬರ್ದೋರೇ ಗೆರೆ ಎಳ್ದು, ಕಾರಣ ಬರ್ದು, ಸಹಿ ಹಾಕ್ಬೇಕು. ಹಾಕಿ, ಮುಗೀತು."

"ಹಾಕಲ್ಲ."

"ಹಟ ಯಾಕೆ?"

"ಕೊನೇ ತರಗತಿಯ ಹುಂಗ್ ಪೇಯು ಸರಿ ಮಾಡಿದಾಳೆ. ಮೂರು ವರ್ಷದಲ್ಲಿ ಒಂದ್ಸಲಾನೂ ಪಾಸಾಗದ ಹುಡುಗಿ. ಹೇಗೆ ಮಾಡಿದ್ಲು? ಟ್ಯೂಷನ್‌ಗೆ ಹೋಗಲ್ಲ. ನಿಮ್ಮ ಕಳ್ಳದಾರಿ ಒಂದೂ ಗೊತ್ತಿಲ್ಲ. ಅದಕ್ಕೇ ಕೂತು ಓದಿದ್ಲು. ನಿಮ್ಮ ಇಡೀ ಶಾಲೇಲಿ ಓದೋಳು ಅವ್ಳೊಬ್ಳು."

"ಅಥ್ವಾ," ಎಂದರು ಫಾಂಗ್ ನಿಧಾನಕ್ಕೆ, "ಅವ್ಳಜ್ಜಿ ನಿಮಗೆ ಸಿಂಪಿ ಮಾರ್ತಾಳೆ."

ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ಶೂಝೆನ್ ಎದ್ದು, ಮೇಜು ಹಿಡಿದು ಒಂದು ಕ್ಷಣ ನಿಂತು, ಹೊರಗೆ ಹೋದಳು. ಅವಳು ನಡೆಯುವಾಗ ಪ್ಯಾಂಟು ಸೊಂಟದಿಂದ ಜಾರುತ್ತಿದ್ದುದನ್ನು ಲೀಮಿನ್ ನೋಡಿದಳು. ಅಷ್ಟು ಇಳಿದುಹೋಗಿದ್ದಳು.

ಮರುದಿನ ಫಾಂಗ್ ಸಹಿಗಾಗಿ ಕಾಗದವೊಂದನ್ನು ಎಲ್ಲರ ಮೇಜಿಗೂ ಕಳಿಸಿದರು: ನಿಯೆನ್ ಶೂಝೆನ್‌ಳನ್ನು ಪ್ರಶ್ನೆ ಬರೆಯುವ ಸಮಿತಿಯಿಂದ ತೆಗೆಯಬೇಕು. ಇಂಗ್ಲಿಷ್ ವಿಭಾಗದ ಏಳು ಜನರಲ್ಲಿ ಐವರು ಸಹಿ ಹಾಕಿದರು. ಆರನೆಯವಳು ಲೀಮಿನ್. ಕಾಯಿಲೆಯವಳಿಗೆ ವಿಶ್ರಾಂತಿ ಸಿಗಲಿ ಎಂದು ತನಗೆ ತಾನೇ ಹೇಳಿಕೊಂಡಳು. ನಿಜವಾಗಿ ಸಾಕಾಗಿತ್ತು, ಅಷ್ಟೇ. ಶ್ರೀಮತಿ ಚ್ಯೂ ಅವಳ ಮನೆಗೂ ಫೋನ್ ಮಾಡುತ್ತಿದ್ದರು.

ಶೂಝೆನ್ ಆ ಹೆಸರು ನೋಡಿದಳು. ತನ್ನ ಮೇಜನ್ನು ಒಂದು ಗೇಣು ದೂರಕ್ಕೆ ಎಳೆದುಕೊಂಡಳು. ಅದೇ ವಾರ ಆಸ್ಪತ್ರೆ ಸೇರಿದಳು. ಒಂಬತ್ತು ದಿನ ಲೀಮಿನ್ ಅತ್ತ ಹೋಗಲಿಲ್ಲ.

ಹತ್ತನೆಯ ದಿನ, ಸೋಮವಾರ, ಶಾಲೆ ಮುಗಿಸಿ ಲೀಮಿನ್ ಆಸ್ಪತ್ರೆಗೆ ಹೋದಳು.

"ಸಹಿ ಹಾಕ್ದೋಳು ಬಂದ್ಯಾ," ಎಂದಳು ಶೂಝೆನ್, ದಿಂಬಿನಿಂದ ತಲೆ ಎತ್ತದೆ. "ಹೂವಾ? ಇಲ್ಲ ಇನ್ನೊಂದು ಕಾಗದಾನಾ?"

"ಮೂಲಂಗಿ ಕಡುಬು."

"ತಿನ್ನಕ್ಕಾಗಲ್ಲ. ನೀನೇ ತಿನ್ನು. ನನ್ನೆದುರಿಗೇ ತಿನ್ನು."

ಲೀಮಿನ್ ತಿಂದಳು. ಶೂಝೆನ್ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಹಾಸಿಗೆಯ ಪಕ್ಕದ ಪೆಟ್ಟಿಗೆಯ ಮೇಲೆ ಔಷಧಿಗಳಿಗಿಂತ ಮುಂದೆ ಆ ಡಿಸೆಂಬರ್ ಪೇಪರ್ ಇತ್ತು, ಅದರ ಮೇಲೆ ಕೆಂಪು ಪೆನ್ನು.

"ನಾಡಿದ್ದು ಸಭೆ," ಎಂದಳು ಶೂಝೆನ್. "ನಾನು ಸಹಿ ಹಾಕೋವರೆಗೂ ಆ ಪ್ರಶ್ನೆ ಪೇಪರಲ್ಲಿ ಉಳಿಯತ್ತೆ. ಹಾಕ್ದೆ ಸತ್ರೆ ಉಳಿದೇ ಉಳಿಯತ್ತೆ. ಹೋಗಿ ನಿಮ್ಮ ಫಾಂಗ್‌ಗೆ ಹೇಳು."

ಆಗಲೇ ಬಾಗಿಲಲ್ಲಿ ಹುಂಗ್ ಪೇಯು ಕಾಣಿಸಿಕೊಂಡಳು. ಸಮವಸ್ತ್ರದಲ್ಲಿದ್ದಳು. ಕೈಯಲ್ಲಿ ಮಂಜುಗಡ್ಡೆ ತುಂಬಿದ ಚೀಲ, ಅದರೊಳಗೆ ಬಿಡಿಸಿದ ಸಿಂಪಿ. ಬಸ್ಸಿನಲ್ಲಿ ಸೋರಿ ಅವಳ ಲಂಗ ಒಂದು ಕಡೆ ಒದ್ದೆಯಾಗಿತ್ತು.

"ಅಜ್ಜಿ ಕೊಟ್ರು ಟೀಚರ್. ಗಂಜಿಗೆ ಹಾಕ್ಕೋಬೇಕಂತೆ."

ಶೂಝೆನ್ ಎದ್ದು ಕೂರಲು ಹೆಣಗಿದಳು. ಲೀಮಿನ್ ಹಿಡಿಯಲು ಹೋದರೆ ಕೈ ತಳ್ಳಿದಳು. "ಬಾ ಪೇಯು, ಇಲ್ಲೇ ನಿಂತ್ಕೋ. ಇವ್ಳಿಗೆ ಹೇಳು. ನಲವತ್ತೊಂದನ್ನ ನೀನು ಹೇಗೆ ಮಾಡ್ದೆ? ಮೊದ್ಲಿಂದ ಹೇಳು. ಇವ್ಳ ಕಿವೀಗೆ ಬೀಳ್ಲಿ."

ಹುಡುಗಿ ಚೀಲವನ್ನು ಎಲ್ಲಿಡಬೇಕೆಂದು ತಿಳಿಯದೆ ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು.

"ಓದ್ಲಿಲ್ಲ ಟೀಚರ್."

"ಏನು?"

"ಪಾಠ ಉದ್ದ ಇತ್ತು. ಬಿಟ್ಟೆ. ಸಿಂಪಿ ಅನ್ನೋ ಪದ ಮಾತ್ರ ಗೊತ್ತಾಯ್ತು. ಟೂರಿಸ್ಟ್‌ಗಳಿಗೆ ಅಂತ ನಮ್ಮನೆ ಮುಂದೆ ಬೋರ್ಡಲ್ಲಿ ಇಂಗ್ಲಿಷಲ್ಲಿ ಬರ್ಸಿದಾರಲ್ಲ. ಆಮೇಲೆ ಉತ್ತರದಲ್ಲಿ ಚಿಪ್ಪು, ಸಮುದ್ರ ಅಂತಿತ್ತು. ಚಿಪ್ಪು ವಾಪಸ್ ಹಾಕ್ದಿದ್ರೆ ಮರಿ ಎಲ್ಲಿ ಕೂರತ್ತೆ? ಅದೇ ಹಾಕ್ದೆ."

ಲೀಮಿನ್ ಕಡುಬಿನ ಡಬ್ಬಿಯ ಮುಚ್ಚಳ ಹಾಕಿದಳು.

"ನಿಮ್ಮೂರ ಕಡೆಯಿಂದ," ಎಂದಳು ಶೂಝೆನ್, "ಕೊನೇ ವರ್ಷದಲ್ಲಿ ಎಷ್ಟು ಜನ ಇದೀರಿ?"

"ಇಪ್ಪತ್ತೇಳು. ಎಲ್ರೂ ಅದೇ ಹಾಕಿದ್ವಿ, ಅಕುನ್ ಒಬ್ಬ ನಿದ್ದೆ ಹೊಡೀತಿದ್ದ. ಬಸ್ಸಲ್ಲಿ ನಕ್ಕಿದ್ದೇ ನಕ್ಕಿದ್ದು. ಟೀಚರ್ ಕೊನೆಗೂ ನಮಗೆ ಅಂತ ಒಂದು ಸುಲಭದ್ದು ಕೊಟ್ರು ಅಂತ." ಶಿಕ್ಷಕಿಯ ಮುಖ ನೋಡಿ ಹುಡುಗಿಯ ನಗು ಆರಿತು. "ತಪ್ಪಾಯ್ತಾ ಟೀಚರ್?"

"ರಸ್ತೆ ಪಕ್ಕ ರಾಶಿ ಹಾಕಿರ್ತಾರಲ್ಲ, ಆ ಚಿಪ್ಪು..."

"ಅದಾ? ತೂತು ಹೊಡ್ದು ದಾರಕ್ಕೆ ಪೋಣಿಸ್ತೀವಿ. ಸಮುದ್ರದಲ್ಲಿ ಕಟ್ತಾರೆ. ನಾನು ಒಂದನೇ ಕ್ಲಾಸಿಂದ ಪೋಣಿಸ್ತಿದೀನಿ."

"ನಾನು ಕಸ ಅಂದ್ಕೊಂಡಿದ್ದೆ," ಎಂದಳು ಶೂಝೆನ್. "ಇಷ್ಟು ವರ್ಷ ಅದರ ಪಕ್ಕದಲ್ಲೇ ಸ್ಕೂಟರ್ ಓಡಿಸಿದೀನಿ. ಕಸ ಅಂದ್ಕೊಂಡಿದ್ದೆ."

ಲೀಮಿನ್‌ಗೆ ಲೆಕ್ಕ ತಾನಾಗಿ ಬಂತು. ಪೇಯುವಿನ ಕಡಲತೀರದ ಊರಿನ ಇಪ್ಪತ್ತೇಳರಲ್ಲಿ ನಿದ್ದೆಯವನನ್ನು ಬಿಟ್ಟರೆ ಇಪ್ಪತ್ತಾರು. ಸರಿ ಮಾಡಿದವರೂ ಇಪ್ಪತ್ತಾರು. ತಪ್ಪು ಮಾಡಿದವರು ಓದಿರಲಿಲ್ಲ. ಸರಿ ಮಾಡಿದವರೂ ಓದಿರಲಿಲ್ಲ.

ಪೇಯುವನ್ನು ಬಸ್ ನಿಲ್ದಾಣಕ್ಕೆ ಕಳಿಸಿ ಬಂದಾಗ ಶೂಝೆನ್ ಪೇಪರನ್ನು ತೊಡೆಯ ಮೇಲೆ ಬಿಚ್ಚಿಕೊಂಡು ಕೂತಿದ್ದಳು. ಪೆನ್ನು ಕೆಳಗೆ ಬಿದ್ದಿತ್ತು. ಬಗ್ಗಲಾಗದೆ ಅದನ್ನೇ ದಿಟ್ಟಿಸುತ್ತಿದ್ದಳು.

"ಎತ್ಕೊಡು."

ಲೀಮಿನ್ ಎತ್ತಿದಳು, ಕೊಡಲಿಲ್ಲ. "ಝೆನ್, ಬೇಡ. ಇದು ನಮ್ಮಲ್ಲೇ ಇರ್ಲಿ. ಆ ಹುಡ್ಗಿ ಯಾರಿಗೂ ಹೇಳಲ್ಲ. ಆ ಫಾಂಗ್‌ನ ನೀನೇ ಯಾಕೆ ಗೆಲ್ಲಿಸ್ತೀಯ? ಹನ್ನೊಂದು ವರ್ಷ ಕಾದಿದಾನೆ ಅವ್ನು. ಹಾರ ಹಿಡ್ಕೊಂಡು ಬಂದು ನಿನ್ನ ಫೋಟೋ ಮುಂದೆ ನಗ್ತಾನೆ."

"ನಗ್ತಾನೆ."

"ಮತ್ತೆ?"

"ಅವ್ನು ನಗೋದು ನೆನೆಸ್ಕೊಂಡ್ರೆ ಹೊಟ್ಟೇಲಿ ಬೆಂಕಿ ಬೀಳತ್ತೆ ನಂಗೆ. ಆದ್ರೆ ಅವ್ನ ಪ್ರಶ್ನೆ ಹೊಡೆದ ಪೆನ್ನು ಇದೇ ಅಲ್ವಾ. ಕೊಡು ಇಲ್ಲಿ. ಸಹಿ ಹಾಕ್ಬಾರ್ದಾಗ ಹಾಕ್ತೀಯ, ಹಾಕ್ತೀನಿ ಅಂದಾಗ ಬೇಡ ಅಂತೀಯ. ಥೂ ನಿನ್ನ."

ಲೀಮಿನ್ ಕೊಟ್ಟಳು. ಹಾಳೆ ಜಾರದಂತೆ ಕಡುಬಿನ ಡಬ್ಬಿಯನ್ನು ಅದರ ಕೆಳಗಿಟ್ಟು ಎರಡೂ ಅಂಚು ಹಿಡಿದುಕೊಂಡಳು. ಈ ಸಲ ಶೂಝೆನ್ ಅವಳ ಕೈ ತಳ್ಳಲಿಲ್ಲ. ನಲವತ್ತೊಂದರ ಮೇಲೆ ಗೆರೆ ಎಳೆದಳು. ಅದು ಓರೆಯಾಯಿತು. ಓರೆ ಗೆರೆ ಅವಳಿಗೆ ಹಿಡಿಸುತ್ತಿರಲಿಲ್ಲ, ಅದರ ಮೇಲೆಯೇ ಮತ್ತೊಂದು ಎಳೆದಳು. ಪಕ್ಕದಲ್ಲಿ, ಇಷ್ಟು ವರ್ಷ ಬೇರೆಯವರ ಪ್ರಶ್ನೆಗಳ ಪಕ್ಕದಲ್ಲಿ ಬರೆದ ಅದೇ ಎರಡು ಪದಗಳನ್ನು, 'ಓದದೆ ಉತ್ತರಿಸಬಹುದು' ಎಂದು, ಒಂದೊಂದೇ ಅಕ್ಷರ ಬಿಡಿಸಿ ಬರೆದಳು. ಕೆಳಗೆ ತನ್ನ ಪೂರ್ತಿ ಹೆಸರು ಬರೆದು ತಾರೀಕು ಹಾಕಿದಳು.