ಬಿಸಿನೀರಕ್ಕನ ಮೀನು

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಅವಳಿಗೆ ಆ ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಇಟ್ಟಮೇಲೆ ನಿಜವಾದ ಹೆಸರು ಸಹಿ ಹಾಕುವುದಕ್ಕಷ್ಟೇ ಉಳಿಯಿತು. ಇಕ್ಕಳ, ಕೊಕ್ಕೆ, ಪುಟ್ಟ ಕನ್ನಡಿ, ಏನೇ ಕೊಟ್ಟರೂ ಬಿಸಿನೀರಕ್ಕ ಮೊದಲು ಬ್ರಷ್ಷಿನಲ್ಲಿ ಉಜ್ಜಿ, ಆಮೇಲೆ ಕುದಿಸಿ, ಅದಾದ ಮೇಲೆ ಉಗಿಯ ಯಂತ್ರಕ್ಕೆ ಹಾಕುವವಳು. ಯಂತ್ರ ಇರುವಾಗ ಕುದಿಸುವುದು ಯಾಕೆ ಎಂದು ಡಾಕ್ಟರು ಕೇಳಿದರೆ, "ಬಾಗಿಲು ಹಾಕಿಕೊಂಡ ಮೇಲೆ ಅದು ಒಳಗೆ ಏನು ಮಾಡುತ್ತೋ ಯಾರು ಕಂಡೋರು ಸರ್" ಎನ್ನುತ್ತಿದ್ದಳು. ತನ್ನ ಕ್ಲಿನಿಕ್ಕಿನಲ್ಲಿ ಒಬ್ಬ ರೋಗಿಗೂ ಕೀವು ಕಟ್ಟಿಲ್ಲ ಎಂದು ಡಾಕ್ಟರು ಬಂದವರೆದುರಿಗೆಲ್ಲ ಕೊಚ್ಚಿಕೊಳ್ಳುತ್ತಿದ್ದರು. ಯಾರ ದೆಸೆಯಿಂದ ಎಂಬುದನ್ನು ಮಾತ್ರ ಅವರ ಬಾಯಿಂದ ಯಾರೂ ಕೇಳಲಿಲ್ಲ.

ಮನೆಯಲ್ಲೂ ಅವಳದು ಅದೇ ರಾಜ್ಯಭಾರ. ಮನೆ ತಮ್ಮನದು. ಮದುವೆ ಎಂಬುದು ಇವಳ ಪಾಲಿಗೆ ಕೂಡಿಬಂದಿರಲಿಲ್ಲ, ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಇವಳ ಮಂಚ. ತಮ್ಮನ ಹೆಂಡತಿ ತೊಳೆದಿಟ್ಟ ಲೋಟವನ್ನು ಇವಳು ಬೆಳಕಿಗೆ ಹಿಡಿದು ನೋಡುವಳು, ಒಂದು ಮಾತೂ ಆಡದೆ ಮತ್ತೆ ತೊಳೆಯುವಳು. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಸುಮ್ಮನೆ ಮತ್ತೆ ತೊಳೆಯುವವಳ ಜೊತೆ ಜಗಳ ಕಾಯುವುದು ಹೇಗೆ? ಆ ಹೆಂಗಸು ಹಲ್ಲು ಕಚ್ಚಿಕೊಂಡು ಇಷ್ಟು ವರ್ಷ ಸಂಸಾರ ಮಾಡಿದ್ದಳು. ಅವಳ ತಾಳ್ಮೆಗೆ ಕೈಮುಗಿಯಬೇಕು.

ಹೀಗಿರುವಾಗ ಡಾಕ್ಟರು ದೊಡ್ಡ ಆಸ್ಪತ್ರೆಯೊಂದಕ್ಕೆ ಸೇರಿಕೊಂಡು ಕ್ಲಿನಿಕ್ ಮುಚ್ಚಿದರು. ಕುರ್ಚಿ ಮಾರಿದರು, ಎಕ್ಸ್‌ರೇ ಯಂತ್ರ ಮಾರಿದರು, ಗೋಡೆಯ ಗಡಿಯಾರವನ್ನೂ ಬಿಡದೆ ಬಿಚ್ಚಿಕೊಂಡು ಹೋದರು. ಬಿಟ್ಟುಹೋದದ್ದು ರೋಗಿಗಳು ಕಾಯುವ ಕೋಣೆಯಲ್ಲಿದ್ದ ಮೀನಿನ ತೊಟ್ಟಿಯನ್ನು ಮತ್ತು ಬಿಸಿನೀರಕ್ಕನನ್ನು. ಇವಳಿಗೆ "ಬರ್ತೀನಮ್ಮ" ಅಂತಾದರೂ ಅಂದರು. ಮೀನಿಗೆ ಅದೂ ಇಲ್ಲ.

ಕೆಲವು ದಿನ ಬಿಟ್ಟು ತನ್ನ ಹತ್ತಿರ ಉಳಿದಿದ್ದ ಬೀಗದ ಕೈ ಕೊಡಲು ಹೋದಾಗ ನೋಡಿದಳು. ತೊಟ್ಟಿಯ ಪಂಪಿನ ಪ್ಲಗ್ ಯಾರೋ ಕಿತ್ತಿದ್ದರು. ನೀರು ಅರ್ಧಕ್ಕಿಳಿದು ಮಬ್ಬಾಗಿತ್ತು. ಉಳಿದೆಲ್ಲ ಮೀನುಗಳು ಏನಾದವೋ, ಬಾಲ ಹರಿದ ಕಿತ್ತಳೆ ಬಣ್ಣದ ಒಂದೇ ಒಂದು ಮೀನು ಮೂಲೆಯಲ್ಲಿ ನಿಂತಿತ್ತು. ಕಟ್ಟಡದ ಮಾಲೀಕ ಬಾಗಿಲಲ್ಲಿ ನಿಂತು, "ನಾಳೆ ಪೇಂಟ್‌ನವರು ಬರ್ತಾರೆ. ತಗೊಂಡು ಹೋಗ್ತೀರೋ, ಮೋರಿಗೆ ಸುರೀಲೋ?" ಎಂದ.

ಅವಳಿಗೆ ಹೊಟ್ಟೆ ಉರಿಯಿತು. ಸಾಯಲಿ ಎಂದು ಡಾಕ್ಟರು ಬಿಟ್ಟುಹೋದದ್ದನ್ನು ನಾನು ಬದುಕಿಸಿಯೇ ಸೈ ಎಂದುಕೊಂಡಳು. ಮೊದಲಿಗೆ ಇದ್ದದ್ದು ಮೀನಿನ ಮೇಲಿನ ಪ್ರೀತಿ ಅಲ್ಲ, ಡಾಕ್ಟರ ಮೇಲಿನ ಸಿಟ್ಟು. ತಮ್ಮನನ್ನು ಕರೆಸಿ ತೊಟ್ಟಿ ಹೊರಿಸಿದಳು, ಮೀನನ್ನು ಮುಚ್ಚಳದ ಬಕೆಟ್ಟಿನಲ್ಲಿ ತಾನೇ ಹಿಡಿದುಕೊಂಡು ಬಂದಳು.

ಮನೆಗೆ ಬಂದವಳು ಮೊದಲು ಮಾಡಿದ ಕೆಲಸ ದೊಡ್ಡ ಪಾತ್ರೆಯಲ್ಲಿ ನೀರು ಕಾಯಲು ಇಟ್ಟದ್ದು. ತೊಟ್ಟಿಯ ತಳದ ಕಲ್ಲುಗಳನ್ನು ಕುದಿಸಿದಳು. ನೀರು ಸೋಸುವ ಪೆಟ್ಟಿಗೆಯೊಳಗಿನ ಸ್ಪಂಜು ಕಂದು ಲೋಳೆ ಹಿಡಿದು ನೋಡಲಾರದಂತಿತ್ತು. ಅದನ್ನೂ ಕುದಿಸಿ, ಹಿಂಡಿ, ಬೆಳ್ಳಗೆ ಮಾಡಿದಳು. ಗಾಜು ತಿಕ್ಕಿ, ತನ್ನ ಕೋಣೆಯಲ್ಲಿಟ್ಟು, ನಲ್ಲಿಯಿಂದ ಹೊಸ ನೀರು ತುಂಬಿಸಿ, ಪಂಪು ಹಾಕಿ ಮೀನನ್ನು ಬಿಟ್ಟಳು. ತಮ್ಮನ ಹೆಂಡತಿ ಪಕ್ಕದಲ್ಲಿ ನಿಂತು ಎಲ್ಲ ನೋಡಿದಳು, ಕೇಳಿದಾಗ ಬಿಸಿನೀರು ಎತ್ತಿಕೊಟ್ಟಳು.

ಮರುದಿನ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿತು. ಇನ್ನೂ ಎಲ್ಲೋ ಕೊಳೆ ಉಳಿದಿದೆ ಎಂದು ಮತ್ತೆ ಎಲ್ಲ ಕುದಿಸಿದಳು. ಅದರಾಚೆ ದಿನ ರೆಕ್ಕೆಗಳಲ್ಲಿ ಕೆಂಪು ಗೆರೆಗಳು ಮೂಡಿದವು. ಮತ್ತೂ ತೊಳೆದಳು. ತೊಳೆದಷ್ಟೂ ಮೀನು ಸೊರಗಿತು. ಕಡೆಗೆ ದಿಕ್ಕು ತೋಚದೆ ಅಲಂಕಾರದ ಮೀನು ಮಾರುವ ಅಂಗಡಿಗೆ ಹೋದಳು.

ಅಂಗಡಿಯವನು ಎಲ್ಲ ಕೇಳಿ, "ಸ್ಪಂಜು ಏನು ಮಾಡಿದ್ರಿ?" ಎಂದ.

"ಕುದಿಸಿದೆ."

ಅವನು ಒಳಗಿದ್ದ ಹೆಂಡತಿಯ ಕಡೆ ತಿರುಗಿ, "ಕೇಳಿದ್ಯಾ, ಸ್ಪಂಜು ಕುದಿಸಿದಾರಂತೆ" ಎಂದು ನಕ್ಕ. ಆಮೇಲೆ ಇವಳಿಗೆ ಹೇಳಿದ: "ಮೀನು ಮಾಡಿದ ಗಲೀಜೆಲ್ಲ ನೀರಲ್ಲಿ ವಿಷ ಆಗುತ್ತೆ. ಆ ವಿಷ ತಿನ್ನೋ ಕ್ರಿಮಿ ಇರೋದೇ ಆ ಕಂದು ಲೋಳೇಲಿ. ಅದನ್ನ ನೀವು ಬೇಯಿಸಿ ಹಾಕಿದೀರಿ. ಸಾಲದ್ದಕ್ಕೆ ನಲ್ಲಿ ನೀರಲ್ಲಿ ಕ್ರಿಮಿ ಕೊಲ್ಲೋ ಔಷಧಿ ಬೇರೆ ಇರುತ್ತೆ. ಅದು ಹಾರಿಹೋಗೋ ಹಾಗೆ ಬಕೆಟ್ಟಲ್ಲಿ ಹಿಡಿದು ಒಂದೆರಡು ದಿನ ಬಿಟ್ಟು, ಆಮೇಲೆ ಸ್ವಲ್ಪ ಸ್ವಲ್ಪನೇ ಬದಲಾಯಿಸಬೇಕು."

ತನ್ನದೊಂದು ತೊಟ್ಟಿಯಿಂದ ಹೊಲಸು ಸ್ಪಂಜಿನ ತುಂಡು ಕಿತ್ತು, ನೀರಿನ ಸಮೇತ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೊಟ್ಟ. "ಇದನ್ನ ಒಳಗೆ ಹಾಕಿ. ತೊಳೀಬೇಕು ಅನ್ನಿಸಿದಾಗೆಲ್ಲ ಕೈ ಕಟ್ಟಿಕೊಂಡು ಕೂತ್ಕೊಳ್ಳಿ."

ಆ ಚೀಲ ಹಿಡಿದುಕೊಂಡು ರಸ್ತೆಯಲ್ಲಿ ಬರುವಾಗ ಅವಳಿಗೆ ಅಳು ಒತ್ತರಿಸಿಕೊಂಡು ಬಂತು. ಜೀವಮಾನವೆಲ್ಲ ಕಲಿತದ್ದು ಒಂದೇ ವಿದ್ಯೆ, ಆ ವಿದ್ಯೆಯಿಂದಲೇ ಮೀನಿನ ಪ್ರಾಣ ಹಿಂಡುತ್ತಿದ್ದಳು. ನಗಬೇಡ ಎಂದು ಅಂಗಡಿಯವನಿಗೆ ಹೇಳುವ ಮುಖವೂ ಅವಳಿಗಿರಲಿಲ್ಲ.

"ಏನಂದ ಅತ್ತಿಗೆ ಅಂಗಡಿಯವನು?" ಎಂದು ತಮ್ಮನ ಹೆಂಡತಿ ಬಾಗಿಲಲ್ಲೇ ಕೇಳಿದಳು.

ಇವಳು ಚೀಲವನ್ನು ಸೆರಗಿನಡಿ ಸರಿಸಿದಳು. ಈ ಮನೆಯ ಒಂದೊಂದು ಲೋಟವನ್ನೂ ಮತ್ತೆ ತೊಳೆದವಳು ಮೀನಿಗೆ ಕೊಳೆ ಬೇಕಂತೆ ಎಂದು ಹೇಗೆ ಹೇಳುವುದು? "ಏನಿಲ್ಲ, ಏನೋ ಔಷಧಿ ಕೊಟ್ಟಿದಾನೆ" ಎಂದಳು.

ಅಂದಿನಿಂದ ಶುರುವಾಯಿತು ನೋಡಿ ಅವಳ ಶಿಕ್ಷೆ. ಗಾಜಿನ ಮೇಲೆ ಹಸಿರು ಕಟ್ಟುತ್ತಿದೆ, ತಳದಲ್ಲಿ ಕಸ ಕೂರುತ್ತಿದೆ, ಇವಳು ಎರಡು ಕೈಯನ್ನೂ ತೊಡೆಯಡಿ ಸೇರಿಸಿಕೊಂಡು ತೊಟ್ಟಿಯ ಮುಂದೆ ಕೂತಿದ್ದಾಳೆ. ಬಕೆಟ್ಟಿನಲ್ಲಿ ನೀರು ಹಿಡಿದು ಮಂಚದ ಪಕ್ಕ ಇಡುವಳು, ಯಾರೂ ಇಲ್ಲದ ಹೊತ್ತು ನೋಡಿ ಒಂದೆರಡು ಚೊಂಬು ತೆಗೆದು ಒಂದೆರಡು ಚೊಂಬು ಹಾಕುವಳು. ಒಂದು ಬೆಳಿಗ್ಗೆ ಮೀನು ಮೂಲೆ ಬಿಟ್ಟು ತೊಟ್ಟಿಯ ಉದ್ದಕ್ಕೂ ಈಜಿತು. ಕೆಂಪು ಗೆರೆ ಮಾಸಿತು. ಬರಬರುತ್ತಾ ಇವಳು ಕೋಣೆಗೆ ಬಂದರೆ ಸಾಕು, ಗಾಜಿನ ಹತ್ತಿರ ಓಡಿಬರುತ್ತಿತ್ತು. "ಬಂದ್ಯಾ ತಾಯಿ" ಎಂದು ಇವಳು ಮಾತಾಡಿಸುವಳು. ಡಾಕ್ಟರ ಮೇಲಿನ ಸಿಟ್ಟು ಯಾವಾಗ ಹೋಯಿತೋ ಅವಳಿಗೇ ತಿಳಿಯಲಿಲ್ಲ. ತನ್ನನ್ನು ಕಂಡರೆ ಎದ್ದು ಬರುವ ಜೀವ ಎಂದು ಲೋಕದಲ್ಲಿ ಅವಳಿಗಿದ್ದದ್ದು ಅದೊಂದೇ, ಅದು ಹೋದರೆ ತಾನು ತಡೆಯಲಾರೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಇದರ ಮಧ್ಯೆ ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಗಾಜಿನ ಕೊಳವೆ ತೊಳೆಯುವ ಕೆಲಸ ಸಿಕ್ಕಿತು. ಮೊದಲ ದಿನ ಮುಗಿಸಿಕೊಂಡು ಸಂಜೆ ಮನೆಗೆ ಬಂದಾಗ ಬಾಗಿಲಲ್ಲೇ ಸೋಪಿನ ವಾಸನೆ. ಚಪ್ಪಲಿ ಬಿಡದೆ ಕೋಣೆಗೆ ನುಗ್ಗಿದಳು.

ತೊಟ್ಟಿ ಫಳಫಳ ಹೊಳೆಯುತ್ತಿತ್ತು. ಕಲ್ಲು, ಗಾಜು, ಪೆಟ್ಟಿಗೆಯೊಳಗಿನ ಸ್ಪಂಜು, ಎಲ್ಲ ಆಗ ಅಂಗಡಿಯಿಂದ ತಂದಂತಿದ್ದವು. ಮೀನು ಪಕ್ಕಕ್ಕೆ ವಾಲಿ ಮೇಲೆ ತೇಲುತ್ತಿತ್ತು, ಕಿವಿರು ಒಮ್ಮೆ ಅಲ್ಲಾಡಿತು, ಮತ್ತೊಮ್ಮೆ ಅಲ್ಲಾಡಿತು.

ಹಿಂದೆಯೇ ತಮ್ಮನ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದಳು. ಅವಳ ಮುಖದಲ್ಲಿ ಎಂದೂ ಇಲ್ಲದ ಗೆಲುವು. "ಕೆಲಸ ಹೋದ ಬೇಜಾರಲ್ಲಿ ನೀವು ಇದನ್ನ ತೊಳೆಯೋದೇ ಬಿಟ್ಟಿದ್ರಿ ಅತ್ತಿಗೆ. ಎಷ್ಟು ಪಾಚಿ ಕಟ್ಟಿತ್ತು. ಇವತ್ತು ಸುಸ್ತಾಗಿ ಬರ್ತೀರ ಅಂತ ನಾನೇ ಮಾಡಿದೆ. ನೀವು ಮಾಡೋ ಹಾಗೇ, ಎಲ್ಲಾನೂ ಕುದಿಸಿ."

"ಬಕೆಟ್ಟಲ್ಲಿ ನೀರಿತ್ತಲ್ಲ?"

"ಅದು ಹಳೇ ನೀರು ಅಂತ ನೆಲ ಒರೆಸಿಬಿಟ್ಟೆ."

ಬಿಸಿನೀರಕ್ಕ ಕೈ ಒಳಗಿಳಿಸಿ ಮೀನಿನ ಕೆಳಗೆ ಅಂಗೈ ಹಿಡಿದಳು. ಮಾಡಬಹುದಾದದ್ದು ಇನ್ನೇನೂ ಇರಲಿಲ್ಲ. ಕಿವಿರು ಅಲ್ಲಾಡುವುದು ನಿಂತಿತು.

"ಯಾಕತ್ತಿಗೆ, ಏನಾಯ್ತು ಅದಕ್ಕೆ? ನಾನೇನಾದ್ರೂ ತಪ್ಪು ಮಾಡಿದ್ನಾ?" ಆ ಹೆಂಗಸಿನ ಮುಖ ಕಪ್ಪಿಟ್ಟಿತು.

ಬಿಸಿನೀರಕ್ಕನಿಗೆ ಸಿಟ್ಟು ನೆತ್ತಿಗೇರಿತು. ನೀನೇ ಕೊಂದೆ ಎಂಬ ಮಾತು ತುಟಿಯವರೆಗೂ ಬಂದುಬಿಟ್ಟಿತ್ತು. ಅದನ್ನು ಆಡಿದರೆ, ಮತ್ತೆ ನಮಗೆ ಯಾಕೆ ಹೇಳಲಿಲ್ಲ ಎಂದು ಅವಳು ಕೇಳಿಯೇ ಕೇಳುವಳು. ಅದಕ್ಕೆ ಕೊಡಲು ಇವಳ ಹತ್ತಿರ ಉತ್ತರ ಇತ್ತು. ನಾಚಿಕೆಯಾಯಿತು ಎಂಬ ಒಂದೇ ಮಾತಿನ ಉತ್ತರ. ಅದನ್ನು ಬಾಯಿಬಿಟ್ಟು ಹೇಳುವುದಕ್ಕಿಂತ ಸಾಯುವುದು ಸುಲಭ ಅನ್ನಿಸಿತು.

"ವಯಸ್ಸಾಗಿತ್ತು ಅದಕ್ಕೆ" ಎಂದಳು.

ತಮ್ಮನ ಹೆಂಡತಿಗೆ ಸಮಾಧಾನವಾಯಿತು. "ಪಾಪ. ನಾನೇನೋ ಎಡವಟ್ಟು ಮಾಡಿದೆ ಅಂತ ಹೆದರಿಬಿಟ್ಟಿದ್ದೆ." ಹತ್ತಿರ ಬಂದು, ಈ ಮನೆಗೆ ಬಂದ ಮೇಲೆ ಮೊದಲ ಬಾರಿಗೆ ಇವಳ ಹೆಗಲ ಮೇಲೆ ಕೈ ಇಟ್ಟಳು. "ಬಿಡಿ ಅತ್ತಿಗೆ, ಇನ್ನೊಂದು ತರೋಣ. ನೀವು ಕೆಲಸಕ್ಕೆ ಹೋದ್ರೂ ಚಿಂತೆ ಇಲ್ಲ. ಹೇಗೆ ತೊಳೀಬೇಕು ಅಂತ ನನಗೆ ಈಗ ಗೊತ್ತಾಯ್ತಲ್ಲ."

"ಹೂಂ" ಎಂದಳು ಬಿಸಿನೀರಕ್ಕ.