ವಾರ್ಡರಿಗೆ ಹೇಳಿದ ರೇಷ್ಮೆಗೂಡಿನ ಕತೆ

ಬದುವಿನ ಜಗಳಕ್ಕೆ ನಾನು ಜೈಲಿನಲ್ಲಿದ್ದಾಗ, ಕೈದಿಗಳ ಮೇಲಾಗುವ ಲೈಂಗಿಕ ದೌರ್ಜನ್ಯವನ್ನು ತಡೆಯುವುದು ಹೇಗೆಂದು ವಿಚಾರಿಸಿ ವರದಿ ಬರೆಯಲು ಒಬ್ಬ ಮೇಡಂ ಬಂದರು. ನಮ್ಮ ಕೋಣೆಯ ಹೊಸಬನೊಬ್ಬನಿಗೆ, ಹೆಸರು ಬೇಡ, ಅಂಥದೇ ಆಗಿತ್ತು. ಮೇಡಂ ಅವನನ್ನು ಅಂಗಳದಲ್ಲಿ ಕೂರಿಸಿಕೊಂಡು ಕೇಳಿದರು. ಆದರೆ ಪಕ್ಕದಲ್ಲೇ ವಾರ್ಡರ್ ನಿಂತಿದ್ದರೆ ಅವನು ಬಾಯಿ ಬಿಡುತ್ತಾನೆಯೇ?

ವಾರ್ಡರ್ ಜಂಗಮಕೋಟೆಯ ರೇಷ್ಮೆ ಬೆಳೆಯುವ ಮನೆತನದವರು. ನಾನು ಅಂಗಳದ ಇನ್ನೊಂದು ಮೂಲೆಯಿಂದ ಕೂಗಿದೆ: "ಸಾಮಿ, ಕೆಂಚಾರ್ಲಹಳ್ಳೀಲಿ ನಾನು ಬೆಳೆದ ರೇಷ್ಮೆಗೂಡು ಒಂದೊಂದೂ ತೆಂಗಿನಕಾಯಿ ಗಾತ್ರ!"

"ಸುಳ್ಳಿಗೂ ಮಿತಿ ಬೇಡ್ವೇನಯ್ಯಾ ತಾತ! ಹುಳ ಗೂಡು ಕಟ್ಟೋ ಚಂದ್ರಿಕೆ ಮುರಿದು ಬೀಳಲ್ವಾ?" ಎನ್ನುತ್ತ ನನ್ನ ಹತ್ತಿರವೇ ಬಂದರು.

"ಚಂದ್ರಿಕೆ ಯಾಕೆ ಸಾಮಿ, ಹುಣಸೇಮರಕ್ಕೇ ಹತ್ತಿಸಿದ್ದೆ!"

ನಮ್ಮ ವಾದ ಮುಗಿಯುವಷ್ಟರಲ್ಲಿ ಆ ಹೊಸಬ ಮೇಡಂ ಹತ್ತಿರ ಎಲ್ಲ ಹೇಳಿಕೊಂಡಿದ್ದ. ಮೇಡಂ ಅವನ ಒಪ್ಪಿಗೆ ಕೇಳಿ, ಅವತ್ತೇ ಡಾಕ್ಟರಿಗೆ ತೋರಿಸಿ ಬೇರೆ ಕೋಣೆಗೆ ಹಾಕಿಸಿದರು.

ಅವರ ವರದಿಯಲ್ಲಿ ಯಾರ ಹೆಸರೂ ಇಲ್ಲವಂತೆ. ಅವನಿಗೆ ಅದೇ ಒಳ್ಳೆಯದು. ನನ್ನದೊಂದನ್ನಾದರೂ ಹಾಕಬಹುದಿತ್ತು.