ಮಡಿಯ ಹೊತ್ತಿನಲ್ಲಿ ಎಣ್ಣೆ ಕೆಲಸ

ಮಕ್ತಲ್‌ನ ನಮ್ಮ ಮನೆಯ ಅಂಗಳದಲ್ಲಿ, ಫರಸಿ ಕಲ್ಲಿನ ಮೇಲೆ ಅಂಗೈಯಗಲದ ಒಂದು ಕಪ್ಪು ಕಲೆಯಿದೆ. ಅದು ನಮ್ಮ ಯಜಮಾನರ ಕೊಡುಗೆ. ಕಾರಿನ ಎಂಜಿನ್ ಎಣ್ಣೆ ಬದಲಿಸಲು ಹೋಗಿ, ಹಳೆಯ ಫಿಲ್ಟರನ್ನು ಒಮ್ಮೆಲೇ ತಿರುಗಿಸಿ ಬಿಚ್ಚಿ, ಅದರೊಳಗೆ ಉಳಿದಿದ್ದನ್ನೆಲ್ಲ ನೆಲಕ್ಕೆ ಸುರಿದಿದ್ದರು. ಸೋಪು, ಸೀಮೆಎಣ್ಣೆ, ಹುಣಸೆಹಣ್ಣು ಯಾವುದಕ್ಕೂ ಅದು ಜಗ್ಗಲಿಲ್ಲ. ನಮ್ಮ ಅತ್ತೆ ದಿನವೂ ರಂಗೋಲಿ ಹಾಕುವ ಜಾಗವೇ ಅದು. ಅಂದೇ ತೀರ್ಪು ಕೊಟ್ಟರು.

“ಇನ್ನೊಂದು ಹನಿ ಬಿತ್ತಂದ್ರ ಕಾರು ಮಾರಿಬಿಡ್ರಿ. ಅಂಗಳಾನ ಗ್ಯಾರೇಜ್ ಮಾಡಾಕ ನಾ ಬಿಡಂಗಿಲ್ಲ.”

ಯಜಮಾನರಿಗೇನು, ಪೂಜೆ ಮಾಡುವ ಗುಡಿ ಮನೆಯಿಂದ ನಡೆದುಹೋಗುವಷ್ಟು ಹತ್ತಿರ. ಗದ್ವಾಲದ ಶಾಲೆಗೆ ಪಾಠ ಹೇಳಲು ಹೋಗುವವಳು ನಾನು. ಬಸ್ಸು ಬದಲಿಸುತ್ತ ಹೋಗುತ್ತಿದ್ದ ಕಾಲದಲ್ಲಿ ನಾನು ಕೆಲಸ ಬಿಡುವ ಮಾತು ಮನೆಯಲ್ಲಿ ಆಗಾಗ ಏಳುತ್ತಿತ್ತು. ಈ ಹಳೆಯ ಕಾರು ಬಂದ ಮೇಲೆ ಅದು ನಿಂತಿತು. ಕಾರು ಹೋದರೆ ಕೆಲಸವೂ ಹೋದಂತೆಯೇ. ನದಿ ದಾಟುವಾಗ ಕಿಟಕಿ ಇಳಿಸಿ, ಗಂಟಲು ಹರಿಯುವಂತೆ ಹಾಡಿಕೊಂಡು ಹೋಗುವ ಸುಖವನ್ನಂತೂ ನಾನು ಯಾರಿಗೂ ಬಿಟ್ಟುಕೊಡಲು ತಯಾರಿರಲಿಲ್ಲ.

ಮತ್ತೆ ಎಣ್ಣೆ ಬದಲಿಸುವ ದಿನ ಬಂತು. ಗ್ಯಾರೇಜಿಗೆ ಬಿಡಬಹುದಿತ್ತು. ಆದರೆ ಅಲ್ಲಿ ಕಾದು ಕೂರುವ ತಾಳ್ಮೆ ನನ್ನ ಜಾತಕದಲ್ಲೇ ಬರೆದಿಲ್ಲ. ಹಟವೂ ಇತ್ತು ಅನ್ನಿ.

ಹೊತ್ತನ್ನು ಮಾತ್ರ ಯೋಚಿಸಿಯೇ ಆರಿಸಿದೆ. ಅತ್ತೆ ಸ್ನಾನ ಮಾಡಿ ಮಡಿಸೀರೆ ಉಟ್ಟರೆಂದರೆ ಅಡಿಗೆಮನೆ, ದೇವರಮನೆ ಬಿಟ್ಟು ಹೊರಗೆ ಬರುವುದಿಲ್ಲ. ಮಡಿಯಿಲ್ಲದ ಯಾವುದನ್ನೂ ಮುಟ್ಟುವುದಿಲ್ಲ; ಮುಟ್ಟಿದರೆ ಮತ್ತೆ ಸ್ನಾನ. ನೈವೇದ್ಯ ಆಗುವುದರೊಳಗೆ ನಾನು ಅವರ ಕಣ್ಣಿಗೆ ಬೀಳದಂತೆ ಮುಗಿಸಿಬಿಡಬೇಕು ಎಂದುಕೊಂಡೆ.

ನಾರಾಯಣಪೇಟೆಯಿಂದ ಹೊಸ ಎಣ್ಣೆ, ಹೊಸ ಫಿಲ್ಟರ್ ತಂದಿದ್ದೆ. ಜೊತೆಗೆ ಮಗ್ಗದವರ ಮನೆಯಿಂದ ಒಂದು ಚೀಲ ಚಿಂದಿ ನೂಲು, ಎಣ್ಣೆ ಒರೆಸುವುದಕ್ಕೆ. ಮುಂದಿನ ಗಾಲಿಗಳನ್ನು ದಪ್ಪ ಮರದ ದಿಮ್ಮಿಗಳ ಮೇಲೆ ಹತ್ತಿಸಿ, ಹಿಂದಿನವಕ್ಕೆ ಕಲ್ಲು ಕೊಟ್ಟೆ. ಎಂಜಿನ್ ಸ್ವಲ್ಪ ಓಡಿಸಿ, ಎಣ್ಣೆ ಬೆಚ್ಚಗಾದ ಮೇಲೆ ಗೋಣಿಚೀಲ ಹಾಸಿ ಕೆಳಗೆ ನುಸುಳಿದೆ. ತಳದ ಬೋಲ್ಟ್ ಬಿಚ್ಚಿ ಎಣ್ಣೆಯನ್ನು ಹಳೆಯದೊಂದು ಅಗಲ ತಟ್ಟೆಗೆ, ಪರಾತಕ್ಕೆ, ಇಳಿಸಿದೆ. ಒಂದು ಹನಿಯೂ ಆಚೆ ಹೋಗಲಿಲ್ಲ. ನನಗೆ ನನ್ನ ಮೇಲೇ ಪ್ರೀತಿ ಉಕ್ಕಿತು. ಬೋಲ್ಟ್ ಬಿಗಿದು, ಪರಾತವನ್ನು ಕಾಲ ಕಡೆ ಸರಿಸಿ, ಫಿಲ್ಟರಿಗೆ ಪ್ಲಾಸ್ಟಿಕ್ ಚೀಲ ತೊಡಿಸಿ, ಚೀಲದ ಮೇಲಿಂದಲೇ ಹಿಡಿದು ಮೆಲ್ಲಗೆ ತಿರುಗಿಸಿದೆ. ಸೋರಿದ್ದೆಲ್ಲ ಚೀಲದಲ್ಲೇ ಉಳಿಯಲಿ ಎಂಬುದು ನನ್ನ ಉಪಾಯ. ಫಿಲ್ಟರ್ ಕಳಚಿ ಕೈಗೆ ಬಂತು. ಅಷ್ಟರಲ್ಲಿ ಚೀಲದ ಮೂಲೆ ಹರಿಯಿತು.

ಹರಿದ ಕಡೆ ಎರಡೂ ಕೈಯಿಂದ ಅದುಮಿ ಹಿಡಿದೆ. ಎಣ್ಣೆ ಮಣಿಕಟ್ಟಿನಿಂದ ಮೊಣಕೈಯತ್ತ ಇಳಿಯತೊಡಗಿತು. ಪರಾತ ದೂರ, ಕೈ ಬಿಡುವಂತಿಲ್ಲ. ಶಾಲೆ, ನದಿ, ಹಾಡು ಎಲ್ಲ ಆ ಮೊಣಕೈ ತುದಿಯಲ್ಲಿ ನಿಂತಿದ್ದವು. ಹೆದರಿಕೆಗೆ ಕೂಗಿಬಿಟ್ಟೆ.

ಕಾರಿನಡಿಯಿಂದ ಎರಡು ಪಾದ ಕಂಡವು, ಅರಿಶಿನ ಹಚ್ಚಿದವು.

“ಏನಾತವಾ?”

“ಪರಾತ ದೂರ ಐತ್ರಿ ಅತ್ತೀ, ಎಣ್ಣಿ ಸೋರಾಕ ಹತ್ತೇತಿ! ಬ್ಯಾಡ್ರಿ, ಮುಟ್ಟಬ್ಯಾಡ್ರಿ, ಮಡೀಲೆ ಇದ್ದೀರಿ!”

ನನ್ನ ಮಾತು ಮುಗಿಯುವುದರೊಳಗೆ ಅತ್ತೆ ಮಡಿಸೀರೆಯಲ್ಲೇ ಕುಕ್ಕರಗಾಲಲ್ಲಿ ಕೂತಿದ್ದರು. ಕೈ ಚಾಚಿ, ಆ ಕರಿ ಎಣ್ಣೆಯ ಪರಾತವನ್ನು ತುಳುಕದಂತೆ ನನ್ನ ಮೊಣಕೈ ಕೆಳಗೆ ತಳ್ಳಿದರು. ಹನಿ ಪರಾತದೊಳಗೆ ಬಿತ್ತು.

“ಅಳಗಾಡಬ್ಯಾಡ. ಪೂರಾ ಸೋರ್ಲಿ,” ಎಂದರು.

ಪೂರಾ ಸೋರುವವರೆಗೂ ಅಲ್ಲೇ ಕೂತರು. ನಾನು ಕೈ ಒರೆಸಿಕೊಂಡು, ಹೊಸ ಫಿಲ್ಟರಿನ ರಬ್ಬರ್ ಉಂಗುರಕ್ಕೆ ಎಣ್ಣೆ ಸವರಿ, ಕೈಯಲ್ಲೇ ಬಿಗಿದು ಹೊರಗೆ ಬಂದೆ. ಅತ್ತೆ ಬಗ್ಗಿ ಒಂದೊಂದು ಕಲ್ಲನ್ನೂ ನೋಡುತ್ತಿದ್ದರು. ಹೊಸ ಕಲೆ ಇರಲಿಲ್ಲ. ಅವರ ಬೆರಳುಗಳು ಮಾತ್ರ ಕಪ್ಪಾಗಿದ್ದವು. ಒಂದು ಹಿಡಿ ನೂಲು ಕೊಟ್ಟೆ. ಒರೆಸಿಕೊಂಡು ಬಚ್ಚಲ ಕಡೆ ನಡೆದರು. ಈಗ ಬೈಗುಳ ಬರುತ್ತದೆ ಎಂದು ತಲೆ ತಗ್ಗಿಸಿ ನಿಂತೆ.

ಬಚ್ಚಲ ಬಾಗಿಲಲ್ಲಿ ತಿರುಗಿದರು.

“ಮುಂದಿನ ಸಲ ನನ್ನ ಸ್ನಾನಕ್ಕ ಮೊದಲ ಮಾಡವಾ. ಎರಡೆರಡು ಸಲ ನೀರು ಹಾಕ್ಕೊಳ್ಳಾಕ ನನ್ನ ಕಡಿಂದ ಆಗಂಗಿಲ್ಲ.”

“ಆಗಲ್ರಿ ಅತ್ತೀ,” ಎಂದೆ. ಬಾಗಿಲು ಹಾಕಿಕೊಂಡಿತು. ಮುಂದಿನ ಸಲ ಎಂದರಲ್ಲ! ಕಪ್ಪು ಕೈಯಲ್ಲೇ ಅಂಗಳದಲ್ಲಿ ಕೂತು ನಕ್ಕುಬಿಟ್ಟೆ.